ಹತ್ತಿ ಹಿಂಜುವವರ ಪೈಕಿ

ದಬ್. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನೆ. ಮತ್ತೆ ದಬ್.

ನ್ಯೂವಾರ್ಕಿನ ಗಾದಿ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ ಖಾದರಸಾಬ ನದಾಫರು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದ ಸದ್ದು ಅದು. ಮನುಷ್ಯನ ಕುಂಡೆಯ ಆಕಾರಕ್ಕೆ ಕಡೆದ ಮರದ ತುಂಡೊಂದು ಕಬ್ಬಿಣದ ತೋಳಿನ ತುದಿಯಲ್ಲಿ ನೇತಾಡುತ್ತಿತ್ತು. ಹೊಸ ಗಾದಿಯ ಮೇಲೆ ಅದು ಕೂರುತ್ತಿತ್ತು, ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಒಂದು ಸಂಸಾರ ಹತ್ತು ವರ್ಷದಲ್ಲಿ ಎಷ್ಟು ಸಲ ಕೂತು ಏಳುತ್ತದೋ ಅಷ್ಟನ್ನು ಆ ಯಂತ್ರ ಒಂದು ವಾರದಲ್ಲಿ ಮುಗಿಸುತ್ತಿತ್ತು. ಆಮೇಲೆ ಗಾದಿ ಎಷ್ಟು ತಗ್ಗಿದೆ ಎಂದು ಅಳೆದು ನೋಡುವುದು ನದಾಫರ ಕೆಲಸ.

ಫ್ಯಾಕ್ಟರಿಯವರು ಯಂತ್ರಕ್ಕೆ ಬರ್ತಾ ಎಂದು ಹೆಸರಿಟ್ಟಿದ್ದರು. ಬರ್ತಾ ಯಾಕೆ ಎಂದು ನದಾಫರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ದಿನಾ ಕರೆಯುವ ಹೆಸರು ಎಲ್ಲಿಂದ ಬಂತೆಂದು ತಿಳಿಯದೆ ಜನ ಹೇಗೆ ಊಟ ಮಾಡಿ ಮಲಗುತ್ತಾರೆ ಎಂದು ಅವರಿಗೆ ಆಶ್ಚರ್ಯವಾಯಿತು. ಹೊಸಬರಾದ್ದರಿಂದ ಸುಮ್ಮನಾದರು. ಫೋರಮನ್ ಒಮ್ಮೆ, ನಿನ್ನ ಹೆಸರಿಗೆ ಏನಾದರೂ ಅರ್ಥ ಉಂಟೇ ಎಂದು ಕೇಳಿದ. ಗಾದಿಗೆ ಹತ್ತಿ ಹಿಂಜುವವನು ಎಂದರು ನದಾಫರು. ತಮಾಷೆ ಎಂದುಕೊಂಡು ಅವನು ನಕ್ಕ. ಅವನ ಹೆಸರು ಬೇಕರ್. ಅವನಿಗೆ ಬ್ರೆಡ್ ಮಾಡಲು ಬರುತ್ತಿರಲಿಲ್ಲ.

ನದಾಫರು ಲಕ್ಷ್ಮೇಶ್ವರದವರು. ಅವರ ತಂದೆ, ಅಜ್ಜ, ಅವರ ಅಜ್ಜ ಎಲ್ಲರೂ ಹತ್ತಿ ಹಿಂಜುವ ಬಿಲ್ಲು ಹಿಡಿದವರೇ. ಆ ಮನೆತನದಲ್ಲಿ ಓದಿದ ಮೊದಲನೆಯವರು ಇವರು. ಓದಿದ್ದು ಮುಂಬಯಿಯಲ್ಲಿ, ಅದೂ ಬಟ್ಟೆ ತಯಾರಿಕೆಯ ಬಗ್ಗೆ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಹೆಂಡತಿ ಹಜರತಬಿಯನ್ನೂ ಮಗಳು ಜೈಬುನ್ನೀಸಾಳನ್ನೂ ಕರೆದುಕೊಂಡು ನ್ಯೂಜೆರ್ಸಿಗೆ ಬಂದು ಎಲಿಜಬೆತ್ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದರು. ಹತ್ತಿ ಹಿಂಜುವ ಪಿಂಜಾರರ ಮನೆಮಾತು ಕನ್ನಡವಾದ್ದರಿಂದ ಮುಸ್ಲಿಮರ ಕೂಟದಲ್ಲಿ ಇವರ ಉರ್ದು ಸಾಲುತ್ತಿರಲಿಲ್ಲ. ಹೆಸರು ಖಾದರಸಾಬ ಆದ್ದರಿಂದ ಕನ್ನಡ ಕೂಟದಲ್ಲಿ ಇವರ ಕನ್ನಡ ಎಲ್ಲರಿಗೂ ಆಶ್ಚರ್ಯ. ಎರಡೂ ಕಡೆ ಊಟ ಚೆನ್ನಾಗಿರುತ್ತಿತ್ತು. ಅವರು ಎರಡೂ ಕಡೆ ಹೋಗುತ್ತಿದ್ದರು.

ಹೋದಲ್ಲೆಲ್ಲ ಅವರಿಗೆ ಒಂದು ಚಟ. ಪರಿಚಯವಾದವರ ಅಡ್ಡಹೆಸರು ಕೇಳುವುದು, ಕೇಳಿ ಅದರ ಮೂಲ ಹೇಳುವುದು. ಊರಿನ ಕಾಜಿಯವರ ಹತ್ತಿರ ಹುಡುಗನಾಗಿದ್ದಾಗ ಕಲಿತ ವಿದ್ಯೆ ಅದು. ಅತ್ತಾರ ಎಂದರೆ ಅತ್ತರು ಮಾರುವವರು. ಮನಿಯಾರರು ಬಳೆ ತೊಡಿಸುವವರು. ಬಾಗವಾನರು ತೋಟದವರು, ಆಮೇಲೆ ಹಣ್ಣಿನ ಅಂಗಡಿಗೆ ಬಂದವರು. ನಾಲಬಂದ ಎಂಬ ಹೃದ್ರೋಗ ತಜ್ಞರೊಬ್ಬರಿಗೆ, ನಿಮ್ಮ ಹಿರಿಯರು ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು ಎಂದು ಹೇಳಿದಾಗ ಡಾಕ್ಟರು ಬಹಳ ಹೊತ್ತು ತಮ್ಮ ಕೈ ನೋಡಿಕೊಂಡರಂತೆ. ಶಿಕಲಗಾರರು ಕತ್ತಿಗೆ ಸಾಣೆ ಹಿಡಿದವರು, ಕಿಲ್ಲೇದಾರರು ಕೋಟೆ ಕಾದವರು.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಗದಿಗೆಪ್ಪ ಉಳ್ಳಾಗಡ್ಡಿ ಎಂಬ ಸೇತುವೆ ಎಂಜಿನಿಯರು ಇದ್ದರು. ನರಗುಂದದ ಕಡೆಯವರು. ಅವರೂ ಒಮ್ಮೆ ಕೇಳಿದರು.

"ನಮ್ಮದೂ ಒಂದೀಟ ಹೇಳ್ರಿ ಸಾಹೇಬ್ರ. ಉಳ್ಳಾಗಡ್ಡಿ."

"ನಿಮ್ಮ ಹಿರ್ಯಾರು ಉಳ್ಳಾಗಡ್ಡಿ ಬೆಳೀತಿದ್ರು."

"ಅಷ್ಟೇನ?"

ನದಾಫರು ಅವರ ಮುಖ ನೋಡಿದರು. "ಭಾಳ ಬೆಳೀತಿದ್ರು," ಎಂದರು.

ಅವರ ವಿದ್ಯೆಯ ಇನ್ನೊಂದು ಭಾಗ ಇದು. ಗೊತ್ತಿದ್ದುದನ್ನು ಗೊತ್ತಿದ್ದಂತೆ ಹೇಳುತ್ತಿದ್ದರು. ಎದುರಿನವರ ಮುಖ ಸಣ್ಣಗಾದರೆ ಸ್ವಲ್ಪ ಸೇರಿಸಿ ಹೇಳುತ್ತಿದ್ದರು. ಸೇರಿಸಿದ್ದು ಸುಳ್ಳೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ದಿಂಬಿಗೆ ಇನ್ನೊಂದು ಹಿಡಿ ಹತ್ತಿ ತುಂಬಿದ ಹಾಗೆ ಅನ್ನಿಸುತ್ತಿತ್ತು. ಇಷ್ಟು ದೂರ ಬಂದು, ಹಿಮದಲ್ಲಿ ಕಾರು ತಳ್ಳಿ, ಯಾರಿಗೂ ಬಾಯಿಗೆ ಬಾರದ ಹೆಸರು ಇಟ್ಟುಕೊಂಡು ಬದುಕುವವರಿಗೆ ತಲೆ ಸ್ವಲ್ಪ ಎತ್ತರದಲ್ಲಿ ಇರಲಿ ಎಂದು.

ಎಪ್ಪತ್ತೊಂದರ ಈದಿನ ದಿನ ಅವರ ಮನೆಗೆ ಊಟಕ್ಕೆ ಬಂದವರಲ್ಲಿ ಚಾಂದಸಾಬ ಎಂಬ ಕೆಮಿಸ್ಟ್ ಇದ್ದರು. ಬಿಜಾಪುರದವರು, ಔಷಧದ ಕಂಪನಿಯೊಂದರಲ್ಲಿ ಕೆಲಸ. ಅಡ್ಡಹೆಸರು ಕೇಳಿದರೆ ಮಾತು ತಿರುಗಿಸುವರು. ಕೊನೆಗೆ ಹಜರತಬಿ ಶಾವಿಗೆ ಪಾಯಸ ತಂದಿಟ್ಟಾಗ ಹೇಳಿದರು.

"ನಗಾರ್ಚಿ ಅಂತ. ಅದರಾಗ ಹೇಳೂದೇನೈತ್ರಿ. ನಗಾರಿ ಬಡಿಯವ್ರು."

ಹಾಗೆ ಹೇಳಿ ಅವರು ಬಟ್ಟಲಿನೊಳಗೆ ನೋಡಿದರು. ನದಾಫರಿಗೆ ಆ ಬಗ್ಗಿದ ತಲೆ ಕಾಣಿಸಿತು.

"ನಗಾರಿ ಎಲ್ಲಾರ ಮನಿ ಮುಂದ ಬಾರಸೂದಲ್ರಿ," ಎಂದರು ನದಾಫರು. "ಬಾದಶಾಹ ಪರವಾನಗಿ ಕೊಟ್ಟ ಸರದಾರಗ ಅಷ್ಟ ನಗಾರಿ. ಅದನ್ನ ನೋಡಿಕೊಳ್ಳವರು ಅರಮನಿ ಬಾಗಲಕ್ಕ ಹತ್ತಿದವರು. ಸುಲ್ತಾನ ಎದ್ದಾನ ಅಂತ ಊರಿಗೆ ಮೊದಲ ತಿಳೀತಿದ್ದದ್ದು ನಿಮ್ಮವರಿಂದ. ವಜೀರಗೂ ಆಮ್ಯಾಲ."

ಪರವಾನಗಿಯ ಮಾತು ಕಾಜಿಯವರಿಂದ ಬಂದದ್ದು. ವಜೀರ ಬಂದದ್ದು ಚಾಂದಸಾಬರ ಮುಖ ನೋಡಿ.

ಚಾಂದಸಾಬರು ಚಮಚ ಕೆಳಗಿಟ್ಟರು. "ಇನ್ನೊಮ್ಮೆ ಹೇಳ್ತೀರೇನ್ರಿ," ಎಂದು ಕೇಳಿ, ಕೆಳಗೆ ಹೋಗಿ ಕಾರಿನಿಂದ ಟೇಪ್ ರೆಕಾರ್ಡರ್ ತಂದರು.

ಆ ದಿನಗಳಲ್ಲಿ ಊರಿಗೆ ಫೋನು ಮಾಡುವುದು ಸಾವಿನ ಸುದ್ದಿಗೆ ಮಾತ್ರ. ಮಿಕ್ಕ ಮಾತನ್ನೆಲ್ಲ ಕ್ಯಾಸೆಟ್ಟಿಗೆ ಆಡಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ನಮ್ಮವರಲ್ಲಿ ರೂಢಿ. ಅಲ್ಲಿಯವರು ಇನ್ನೊಂದು ಬದಿಗೆ ಮಾತಾಡಿ ವಾಪಸು ಕಳಿಸುವರು. ಹೀಗಾಗಿ ಒಂದು ಸಾಮಾನ್ಯ ಜಗಳ ಮುಗಿಯಲು ವರ್ಷ ಹಿಡಿಯುತ್ತಿತ್ತು. ಚಾಂದಸಾಬರ ಅಣ್ಣ ಬಿಜಾಪುರದಲ್ಲಿ ಇದ್ದರು. ಓದು ಬಾರದ ಹಿರಿಯರು. ಆ ಕ್ಯಾಸೆಟ್ಟನ್ನು ಅವರು ಅಂಗಳದಲ್ಲಿ ಹಾಕಿ ಓಣಿಗೆಲ್ಲ ಕೇಳಿಸಿದರು. ಮುಂದಿನ ವರ್ಷ ದೊಡ್ಡ ಮನೆತನದ ಇನಾಮದಾರರು ಬಂದು ಅಣ್ಣನ ಮಗಳನ್ನು ಕೇಳಿ ಮದುವೆ ಮಾಡಿಕೊಂಡರು.

ಚಾಂದಸಾಬರೂ ಬೆಳೆದರು. ಎಡಿಸನ್ನಿನಲ್ಲಿ ಮನೆ ಕೊಂಡು ಬಾಗಿಲಿಗೆ ನಗಾರ್ಚಿ ಎಂದು ಹಿತ್ತಾಳೆಯ ಫಲಕ ಹಾಕಿಸಿದರು. ನ್ಯೂಯಾರ್ಕಿನ ಹಳೆ ಸಾಮಾನಿನ ಅಂಗಡಿಯಿಂದ, ಯಾವುದೋ ಬ್ಯಾಂಡಿನವರು ಮಾರಿದ್ದ ದೊಡ್ಡ ತಾಮ್ರದ ನಗಾರಿ ತಂದು ಬೆಂಕಿಗೂಡಿನ ಪಕ್ಕ ಇಟ್ಟರು. ಮಕ್ಕಳು ಬಾರಿಸಲು ಹೋದರೆ ಬೈಯುತ್ತಿದ್ದರು. ನಡಿಗೆಯೂ ಸ್ವಲ್ಪ ಬದಲಾಯಿತು. ನದಾಫರು ಹೋದಾಗಲೆಲ್ಲ ಅದನ್ನು ನೋಡಿ ಸಂತೋಷಪಡುತ್ತಿದ್ದರು, ತಾವು ನೆಟ್ಟ ಗಿಡ ಬೇರೆಯವರ ಹಿತ್ತಲಲ್ಲಿ ಹೂ ಬಿಟ್ಟ ಹಾಗೆ.

ಎಪ್ಪತ್ತೆಂಟರ ಮಾರ್ಚಿನಲ್ಲಿ, ಆ ವರ್ಷದ ದೊಡ್ಡ ಹಿಮ ಇನ್ನೂ ರಸ್ತೆಯ ಅಂಚಿನಲ್ಲಿ ಕಪ್ಪಾಗಿ ಬಿದ್ದಿರುವಾಗ, ಊಟದ ಹೊತ್ತಿನಲ್ಲಿ ಜೈಬುನ್ನೀಸಾ ಹೇಳಿದಳು.

"ಅಪ್ಪಾ, ಇಮ್ರಾನ್ ಆಂಡ್ ಐ ವಾಂಟ್ ಟು ಗೆಟ್ ಮ್ಯಾರೀಡ್."

ಇಮ್ರಾನ್ ಚಾಂದಸಾಬರ ಮಗ. ಇಬ್ಬರೂ ಒಂದೇ ಕಾಲೇಜು. ಹಜರತಬಿ ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಅನ್ನ ಹಾಕಿದರು. ನದಾಫರು ಉಪ್ಪು ಕೇಳಿದರು. ಅವರ ಮನೆಯಲ್ಲಿ ಒಪ್ಪಿಗೆ ಎಂದರೆ ಹಾಗೆ.

ಆದರೆ ಭಾನುವಾರ ಚಾಂದಸಾಬರ ಫೋನು ಬಂತು.

"ಖಾದರಭಾಯಿ, ಹುಡುಗಿ ಬಂಗಾರ ಅದಾಳ. ನಂದೇನ ತಕರಾರಿಲ್ಲ. ಅಣ್ಣ ಒಪ್ಪಬೇಕು ನೋಡ್ರಿ. ಈಗ ಇನಾಮದಾರರ ಬೀಗರಾಗೇವಿ. ಅರಮನಿ ಬಾಗಲದವರು ಹೋಗಿ ಪಿಂಜಾರರ ಮನಿ ಹೆಣ್ಣ ತಂದ್ರು ಅಂತ ನಾಳೆ ಯಾರರ ಅಂದ್ರ..."

"ಅಂದ್ರ?"

"ಅಲ್ಲ, ಅಂದ್ರ ಅಂತ ಹೇಳಿದೆ. ಮುಂದಿನ ವಾರ ಮನಿಗೆ ಬರ್ರಿ. ಕುಂತು ಮಾತಾಡೂಣು."

ಅರಮನೆಯ ಬಾಗಿಲು ಯಾರು ಮಾಡಿಕೊಟ್ಟದ್ದು ಎಂದು ನದಾಫರು ಕೇಳಲಿಲ್ಲ. ಫೋನು ಇಟ್ಟು ಬಂದು ಹೆಂಡತಿಗೆ ಹೇಳಿದರು. ಹಜರತಬಿ ಬಟ್ಟೆ ಮಡಚುತ್ತಿದ್ದರು.

"ಊರ ಮಂದಿಗೆಲ್ಲಾ ಅರಮನಿ ಹಂಚಿದ್ರಿ," ಎಂದರು. "ಮಗಳಿಗೆ ಒಂದ ಖೋಲಿ ಇಟಗೊಳ್ಳಿಲ್ಲ."

ನದಾಫರು ಇನ್ನೊಂದು ತುದಿ ಹಿಡಿದು ಚಾದರ ಮಡಚಿದರು.

"ಹೋಗಿ ಖರೇ ಹೇಳಿ ಬರ್ರಿ. ನಗಾರ್ಚಿ ಅಂದ್ರ ಏನಂತ. ದರ್ಗಾದ ಮುಂದ ಬಡಿಯವರು, ಜ್ವಾಳ ಇಸಗೊಳ್ಳವರು ಅಂತ. ನಮಗ ಗೊತ್ತಿಲ್ಲೇನು?"

"ಕೊಟ್ಟದ್ದನ್ನ ಹ್ಯಾಂಗ ವಾಪಸ್ ಕೇಳೂದು? ಇನಾಮದಾರರ ಮನ್ಯಾಗ ಒಂದ ಹುಡುಗಿ ಅದರ ಮ್ಯಾಲ ಸಂಸಾರ ಮಾಡಾಕತ್ತೈತಿ."

"ಹಂಗಾರ ನಮ್ಮದಕ್ಕೂ ಒಂದು ಛಂದಂದು ಹೇಳಿ ಬರ್ರಿ."

ಜೈಬು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಜಸ್ಟ್ ಟೆಲ್ ದೆಮ್ ಸಮ್‌ಥಿಂಗ್, ಅಪ್ಪಾ," ಎಂದಳು. "ಯು ಡೂ ಇಟ್ ಫಾರ್ ಎವ್ರಿಬಡಿ."

ಆ ವಾರ ಬರ್ತಾ ಕೂತು ಎದ್ದಳು. ನದಾಫರು ಯಂತ್ರದ ಪಕ್ಕದಲ್ಲಿ ಕೂತು ತಮ್ಮ ಹೆಸರಿಗೆ ಒಂದು ಮೂಲ ಹುಡುಕಿದರು. ಸಾಮಗ್ರಿ ಸಾಕಷ್ಟು ಇತ್ತು. ಸುಲ್ತಾನರಿಗೂ ನಿದ್ದೆ ಬೇಕು. ಬೇಗಮರಿಗೆ ಮೆತ್ತೆಗಳು ಬೇಕು. ಅಂಬಾರಿಯಲ್ಲಿ ಕೂರಲು ದಿಂಬು ಬೇಕು. ಫೋರಮನ್ ಎರಡು ಸಲ ಬಂದು, ಗಾದಿ ಎಷ್ಟು ತಗ್ಗಿದೆ ಎಂದು ಕೇಳಿದ. ಇನ್ನೂ ನೋಡಿಲ್ಲ ಎಂದರು. ಹೀಗೆ ಹಿಂದೆ ಎಂದೂ ಆಗಿರಲಿಲ್ಲ.

ಭಾನುವಾರ ಜೈಬುವೇ ಕಾರು ಡ್ರೈವ್ ಮಾಡಿದಳು. ಮಧ್ಯಸ್ಥಿಕೆಗೆ ಹಿರಿಯರೊಬ್ಬರು ಇರಲಿ ಎಂದು ಮೇಲಿನ ಮಹಡಿಯ ಗದಿಗೆಪ್ಪನವರು ಜೊತೆಗೆ ಬಂದರು. ಅವರು ನದಾಫರಿಗಿಂತ ಚಿಕ್ಕವರು, ಆದರೆ ಕೋಟು ಹಾಕಿದ್ದರು. ಹಜರತಬಿ, ಮಾತು ಮುಗಿದ ಮೇಲೆ ಬರುತ್ತೇನೆ ಎಂದು ಮನೆಯಲ್ಲೇ ಉಳಿದರು.

"ಹೆಸರ ಬದಲಿ ಮಾಡಾಕ ಬರಂಗಿಲ್ಲೇನ್ರಿ ಸಾಹೇಬ್ರ?" ಎಂದು ಗದಿಗೆಪ್ಪ ದಾರಿಯಲ್ಲಿ ಕೇಳಿದರು.

"ಬರತೈತಿ. ಮುಂಬಯಿ ಕಡೆ ನಮ್ಮ ಮಂದಿ ಮನ್ಸೂರಿ ಅಂತ ಇಟಗೊಂಡಾರ. ಒಬ್ಬ ಸಂತನ ಹೆಸರು. ಛಂದ ಐತಿ."

"ಮತ್ತ?"

"ಛಂದ ಐತಿ," ಎಂದು ನದಾಫರು ಮತ್ತೊಮ್ಮೆ ಹೇಳಿ ಕಿಟಕಿಯ ಹೊರಗೆ ನೋಡಿದರು. ಟರ್ನ್‌ಪೈಕ್ ಹೆದ್ದಾರಿಯ ಪಕ್ಕ ಎಣ್ಣೆಯ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಜೈಬು ಎಡಿಸನ್ನಿನ ಕಡೆಗೆ ಕಾರು ತಿರುಗಿಸಿದಳು.

ಇಮ್ರಾನ್ ಹೊರಗೆ ಹುಲ್ಲಿನ ಮೇಲೆ ನಿಂತಿದ್ದ. "ಹಾಯ್ ಅಂಕಲ್," ಎಂದ. ಜೈಬು ಒಳಗೆ ಬರಲಿಲ್ಲ. ಇಬ್ಬರೂ ಕಾರಿಗೆ ಒರಗಿ, ಕಿಟಕಿಯ ಕಡೆ ನೋಡದೆ ನಿಲ್ಲುವ ಅಭ್ಯಾಸ ಮಾಡತೊಡಗಿದರು. ನದಾಫರು ಬಾಗಿಲಲ್ಲಿ ಷೂ ಬಿಟ್ಟರು.

ಚಾಂದಸಾಬರು ಮೇಜಿನ ಮೇಲೆ ಹೆಣಿಕೆಯ ಬಟ್ಟೆ ಹಾಸಿ ಟೇಪ್ ರೆಕಾರ್ಡರ್ ಇಟ್ಟಿದ್ದರು. ಹೊಸ ಕ್ಯಾಸೆಟ್ ಹಾಕಿ ಸಿದ್ಧವಾಗಿತ್ತು.

"ಮುಂದಿನ ವಾರ ನಮ್ಮ ಕಂಪನಿಯವರೊಬ್ಬರು ಬಿಜಾಪುರಕ್ಕ ಹೊಂಟಾರ," ಎಂದರು. "ಅವತ್ತು ನಮ್ಮದು ಹೇಳಿದ್ರಲ್ಲ, ಹಂಗ ಇವತ್ತು ನಿಮ್ಮದು ಹೇಳ್ರಿ. ಅಣ್ಣ ನಿಮ್ಮ ದನಿ ಗುರುತ ಹಿಡಿತಾನ. ನೀವು ಹೇಳಿದ್ರ ಮುಗೀತು ಅವಗ. ಅವ ಹೂಂ ಅಂದ ಕೂಡಲೆ ಲಗ್ನದ ತಾರೀಖು ಹಿಡಿಯೂಣು."

"ಅವರು ಹೂಂ ಅನ್ನಲಿಲ್ಲ ಅಂದ್ರ?" ಎಂದು ಗದಿಗೆಪ್ಪ ಕೇಳಿದರು.

"ಖಾದರಭಾಯಿ ಹೂಂ ಅನ್ನೂ ಹಂಗ ಹೇಳತಾರ ಬಿಡ್ರಿ," ಎಂದು ಚಾಂದಸಾಬರು ರೆಕಾರ್ಡ್ ಮಾಡಲು ಎರಡು ಗುಂಡಿ ಒಟ್ಟಿಗೆ ಒತ್ತಿದರು.

ಕ್ಯಾಸೆಟ್ ತಿರುಗತೊಡಗಿತು. ನದಾಫರು ಗಂಟಲು ಸರಿಮಾಡಿಕೊಂಡು ಸಲಾಂ ಹೇಳಿದರು.

"ನದಾಫ ಅನ್ನೂದು ಅರಬ್ಬಿ ಮಾತು. ಹತ್ತಿ ಹಿಂಜವ ಅಂತ. ನಮ್ಮ ಕಡೆ ಪಿಂಜಾರ ಅಂತಾರ. ಎರಡೂ ಒಂದ."

ಇಷ್ಟು ಹೇಳಿ ನಿಂತರು. ಸುಲ್ತಾನ, ಬೇಗಮ್, ಅಂಬಾರಿ ಎಲ್ಲರೂ ಬಾಗಿಲ ಹೊರಗೆ ಸರದಿಯಲ್ಲಿ ನಿಂತಿದ್ದರು. ಕರೆದರೆ ಬರುತ್ತಿದ್ದರು. ನದಾಫರು ಬಾಯಿ ತೆರೆದರು.

"ನಮ್ಮ ತಂದಿ ಹುಸೇನಸಾಬ. ಮುಂಜಾನೆ ಬಿಲ್ಲು ಹೆಗಲಿಗೆ ಹಾಕ್ಕೊಂಡು ಹೊಂಟ್ರ ಓಣಿಗೊಮ್ಮೆ ಹೆದಿ ಮೀಟತಿದ್ದ. ಆ ಸಪ್ಪಳಕ್ಕ ಹೆಣಮಕ್ಕಳು ಹಳೆ ಗಾದಿ ಹೊರಗ ತರತಿದ್ರು. ಸಂಜಿಗೆ ಮನಿಗೆ ಬಂದಾಗ ಹುಬ್ಬಿನಾಗೆಲ್ಲಾ ಹತ್ತಿ. ನಮ್ಮವ್ವ ಅದನ್ನ ಬೆರಳಿಲೆ ತಗೀತಿದ್ಲು. ಭಾಳ ಕೆಮ್ಮತಿದ್ದ. ಅವನ ಹೆಸರು ಹುಸೇನಸಾಬ ಅಂತ ಊರಾಗ ಯಾರಿಗೂ ಗೊತ್ತಿರಲಿಲ್ಲ. ಏ ಪಿಂಜಾರಾ ಅಂತಿದ್ರು, ಹೋಗತಿದ್ದ. ಅಷ್ಟ ಐತ್ರಿ."

ಚಾಂದಸಾಬರು ಗುಂಡಿ ಒತ್ತಿ ನಿಲ್ಲಿಸಿದರು.

"ಖಾದರಭಾಯಿ, ಇದನ್ನ ಕಳಸಾಕ ಬರಂಗಿಲ್ಲ."

"ಯಾಕ, ದನಿ ಸರಿ ಬಂದಿಲ್ಲೇನು?"

"ದನಿ ಛಲೋ ಬಂದೈತಿ. ನಮ್ಮದು ಎಷ್ಟ ಛಂದ ಹೇಳಿದ್ರಿ ಅವತ್ತು." ಚಾಂದಸಾಬರು ಹೆಂಡತಿ ಇದ್ದ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮಪ್ಪ ದರ್ಗಾದ ಬಾಗಲದಾಗ ನಗಾರಿ ಬಡೀತಿದ್ದ. ಗುರುವಾರ ಮಂದಿ ಹಿಡಿ ಹಿಡಿ ಜ್ವಾಳ ಹಾಕತಿದ್ರು, ನಾ ಚೀಲ ಹಿಡಕೊಂಡು ನಿಂದರತಿದ್ದೆ. ನನಗ ಗೊತ್ತಿಲ್ಲ ಅಂತ ತಿಳಕೊಂಡಿದ್ರೇನು ನೀವು?"

"ಗೊತ್ತಿರತೈತಿ ಅಂತ ತಿಳಿದಿದ್ದೆ."

"ಗೊತ್ತಿತ್ತು. ನೀವು ಹೇಳಿದ ಮ್ಯಾಲ ಮರತೆ. ಮರತದ್ದು ಛಲೋ ಆತು. ಅಣ್ಣನ ಮಗಳ ಲಗ್ನಾತು. ಈಗ ನಿಮ್ಮದೂ ಹಂಗ ಒಂದ ಮಾಡ್ರಿ ಅಂದ್ರ ಯಾಕ ಬರವಲ್ದು?"

ನದಾಫರು ಕೈ ನೋಡಿಕೊಂಡರು.

"ನಿಮ್ಮಪ್ಪನ್ನ ನಾ ನೋಡಿರಲಿಲ್ಲ," ಎಂದರು. "ನಮ್ಮಪ್ಪನ್ನ ನೋಡೇನಿ."

ಗದಿಗೆಪ್ಪ ತಾಮ್ರದ ನಗಾರಿಯ ಕಡೆ ತಿರುಗಿ ಅದರ ಬೋಲ್ಟುಗಳನ್ನು ಪರೀಕ್ಷಿಸತೊಡಗಿದರು.

"ಮಗಳ ಸಲುವಾಗಿನೂ ಆಗಂಗಿಲ್ಲೇನು?"

"ವಾರದಿಂದ ಅದನ್ನ ಮಾಡಾಕತ್ತೇನಿ, ಚಾಂದಭಾಯಿ. ಬಾದಶಾಹನ ಹಾಸಿಗಿ ತನಕ ಬರತೇನಿ. ಹಾಸಿಗಿ ತಯಾರ ಆಗತೈತಿ. ನಮ್ಮಪ್ಪ ಅದರ ಹಂತ್ಯಾಕನೂ ಬರವಲ್ಲ. ಅಂವಾ ಓಣ್ಯಾಗ ನಿಂತಾನ. ಬಾ ಅಂದ್ರ, ನನಗ ಕೆಲಸ ಐತಿ ಅಂತಾನ."

ಚಾಂದಸಾಬರು ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಗಾಳಿ ಎದ್ದಿತ್ತು. ಇಮ್ರಾನ್ ತನ್ನ ಜಾಕೆಟ್ ಬಿಚ್ಚಿ ಜೈಬುವಿನ ಹೆಗಲಿಗೆ ಹಾಕಿದ. ಅವಳು ಅದನ್ನು ತೆಗೆದು ಅವನಿಗೇ ಕೊಟ್ಟಳು. ಅವನು ಮತ್ತೆ ಹಾಕಿದ. ಈ ವ್ಯವಹಾರವನ್ನು ಚಾಂದಸಾಬರು ಕೊನೆಯವರೆಗೆ ನೋಡಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

"ಹುಡುಗರು ಥಂಡ್ಯಾಗ ನಿಂತಾವ. ನಿಮ್ಮ ಟೇಪ್ ಮುಗಿತೋ ಇಲ್ಲೋ?"

ಚಾಂದಸಾಬರು ವಾಪಸು ಬಂದು ಕೂತರು. ಟೇಪನ್ನು ಹಿಂದಕ್ಕೆ ಓಡಿಸಿದರು. ನದಾಫರ ಮಾತು ಅಳಿಸಿಹೋಗುವಂತೆ ಮೊದಲಿನಿಂದ, ಎರಡು ಗುಂಡಿ ಒಟ್ಟಿಗೆ ಒತ್ತಿದರು.

"ಅಣ್ಣಾ, ನಾ ಚಾಂದ. ಇಮ್ರಾನಗ ಹುಡುಗಿ ನಿಕ್ಕಿ ಮಾಡೇನಿ. ಕೇಳಾಕ ಹತ್ತಿಲ್ಲ, ಹೇಳಾಕ ಹತ್ತೇನಿ. ಜೂನ ತಿಂಗಳದಾಗ ಲಗ್ನ. ಹುಡುಗಿ ಜೈಬುನ್ನೀಸಾ, ಖಾದರ‍ಸಾಬ ನದಾಫರ ಮಗಳು."

ಗದಿಗೆಪ್ಪ ನಗಾರಿಯಿಂದ ಮುಖ ತಿರುಗಿಸಿದರು. ಕ್ಯಾಸೆಟ್ ತಿರುಗುತ್ತಿತ್ತು. ಬಿಜಾಪುರದ ಅಂಗಳ, ಅಲ್ಲಿ ಕೂತ ಓಣಿಯ ಜನ, ಇನಾಮದಾರರು ಎಲ್ಲರೂ ಆ ಪುಟ್ಟ ಚಕ್ರದ ಇನ್ನೊಂದು ಬದಿಯಲ್ಲಿ ಕಿವಿಗೊಟ್ಟು ಕೂತ ಹಾಗೆ ಚಾಂದಸಾಬರಿಗೆ ಕಂಡಿರಬೇಕು. ಅವರು ಇನ್ನಷ್ಟು ಮುಂದಕ್ಕೆ ಬಗ್ಗಿದರು.

"ನದಾಫ ಅಂದ ಕೂಡಲೆ ಮಾರಿ ಗಂಟ ಹಾಕಬ್ಯಾಡ ನೀ. ಇವರು ಸಾದಾ ಹತ್ತಿ ಹಿಂಜವರಲ್ಲ. ಸುಲ್ತಾನ ಮಲಗೂ ಗಾದಿ ಐತಲ್ಲ, ಅದಕ್ಕ ಬ್ಯಾರೆದವರು ಕೈ ಹಚ್ಚಂಗಿದ್ದಿಲ್ಲ. ಯಾಕಂದ್ರ ಗಾದಿ ಒಳಗ ವಿಷದ ಸೂಜಿ ಇಡತಿದ್ರು ದುಷ್ಮನ್ ಮಂದಿ."

"ಹೌದ್ರಿ, ಇಡತಿದ್ರು," ಎಂದರು ಗದಿಗೆಪ್ಪ, ತಮಗೇ ತಿಳಿಯದಂತೆ.

"ಕೇಳಿದಿ? ಇವರು ಉಳ್ಳಾಗಡ್ಡಿಯವರು, ಎಂಜಿನಿಯರು. ಇವರೂ ಹೇಳತಾರ. ಅದಕ್ಕ ನಂಬಿಗಸ್ತ ಮನಿತನದವರನ್ನ ಹುಡುಕಿ ಹುಡುಕಿ ನದಾಫ ಅಂತ ಇಟಗೋತಿದ್ರು. ಅರಮನಿ ಬಾಗಲದಾಗ ನಾವು, ಒಳಗ ಶಯನಗೃಹದ ತನಕ ಅವರು. ಖರೇ ಹೇಳಬೇಕಂದ್ರ ನಮಗಿಂತ ಒಂದ ಮೆಟ್ಟಲ ಮ್ಯಾಲಿನವರು..."

ಚಾಂದಸಾಬರು ಇದನ್ನೆಲ್ಲ ನದಾಫರ ಮುಖ ನೋಡುತ್ತ ಹೇಳುತ್ತಿದ್ದರು. ನದಾಫರಿಗೆ ಆ ನೋಟದ ಗುರುತು ಹತ್ತಿತು. ಮಾತು ಬೆಳೆದಂತೆಲ್ಲ ಎದುರಿನವರ ತಲೆ ಸ್ವಲ್ಪ ಎತ್ತರವಾಯಿತೇ ಎಂದು ಅಳೆಯುವ ನೋಟ. ತಾವು ಎಷ್ಟೋ ಜನರನ್ನು ಹೀಗೆ ನೋಡಿದ್ದರು. ತಮ್ಮನ್ನು ಯಾರೂ ನೋಡಿರಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

ಜೂನಿನಲ್ಲಿ ಮದುವೆ ಎಂದು ಹೊರಗೆ ನಿಂತ ಹುಡುಗರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅವರು ಎದ್ದರು.

"...ಬೇಗಮ್ ಸಾಹೇಬರ ದಿಂಬಂತೂ ಇವರ ಮುತ್ತಜ್ಜನ ಕೈಯಾಗ ಆದದ್ದಂತ. ಹೌದಿಲ್ಲೋ ಖಾದರಭಾಯಿ? ಅಣ್ಣಾ, ಇಲ್ಲೇ ಕುಂತಾರ ಅವರು, ಅವರ ಬಾಯಿಲೆನ ಕೇಳು. ಆ ಸುಲ್ತಾನ ಯಾರಂದ್ರಿ..."

ನದಾಫರು ಬಾಗಿಲಲ್ಲಿ ಬಗ್ಗಿ ಷೂ ಹಾಕಿಕೊಂಡು, ಮೆಟ್ಟಿಲು ಇಳಿದು, ಹುಲ್ಲಿನ ಮೇಲೆ ಮಗಳ ಕಡೆಗೆ ನಡೆದರು.